ಗೌರಿಹೂವಿನ ಕಾವಲು

‘ದೇವರಿಗೆ’ ಎಂದುಬಿಟ್ಟರೆ ತ್ಯಾಗರಾಜನಗರದಲ್ಲಿ ಯಾರ ಕಾಂಪೌಂಡಿಗೆ ಬೇಕಾದರೂ ಕೈ ಹಾಕಬಹುದು. ಬೆಳಗಿನ ವಾಕಿಂಗಿಗೆ ಹೊರಟವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು. ನಮ್ಮ ವೈದ್ಯರ ಮನೆಯ ತೋಟಕ್ಕೆ ಅವರು ತಂದ ಗತಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಮನೆ ಈಗ ಮ್ಯೂಸಿಯಂ. ಒಳಗೆ ಹಳೆಯ ಕಾಲದ ನಾಟಿವೈದ್ಯರೊಬ್ಬರ ಕಲ್ಬತ್ತು, ಭರಣಿ, ತಕ್ಕಡಿ. ಹೊರಗೆ ಅವರ ಕಾಲದಲ್ಲಿ ಇದ್ದ ಹಾಗೆಯೇ ಗಿಡಗಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ರಿಟೈರ್ ಆದ ನಾನು, ಸರಸ್ವತಿ, ಆ ತೋಟ ನೋಡಿಕೊಳ್ಳುತ್ತೇನೆ. ದೊಡ್ಡಪತ್ರೆ, ಮರುಗ, ಕಾಕಡ ಹೋದರೆ ನರ್ಸರಿಯಿಂದ ಮತ್ತೆ ತರಬಹುದು. ತರಲಾಗದ್ದು ಮೆಟ್ಟಿಲ ಪಕ್ಕದ ಗೌರಿಹೂವು. ಕರ್ಣಕುಂಡಲ ಎಂದೂ ಕರೆಯುತ್ತಾರೆ. ಬಿಳಿ ಎಸಳಿನ ಮೇಲೆ ಕುಂಕುಮ ಚಿಮುಕಿಸಿದಂಥ ಕೆಂಪು ಚುಕ್ಕಿ. ಆ ಬಣ್ಣದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವೈದ್ಯರ ಹೆಂಡತಿ ತವರಿನಿಂದ ತಂದಿದ್ದ ಬೀಜವಂತೆ. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಸಿಡಿಸಿ ಸಾಯುವ ಗಿಡ ಅದು. ಹೂ ಕಿತ್ತರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮುಂದಿನ ವರ್ಷ ಗಿಡವೇ ಇಲ್ಲ. ಉಳಿದಿದ್ದ ಬೀಜವನ್ನೆಲ್ಲ ಹಾಕಿದರೂ ಈ ಸಲ ಎದ್ದದ್ದು ಒಂದೇ ಸಸಿ.

ಮನೆಯನ್ನು ಟ್ರಸ್ಟಿಗೆ ಬರೆದುಕೊಟ್ಟ ವೈದ್ಯರ ಸೊಸೆ ಲಲಿತಮ್ಮ ನನ್ನನ್ನು ಕೇಳಿಕೊಂಡಿದ್ದೂ ಅದನ್ನೇ. “ನಮ್ಮತ್ತೆ ಹೂವು ಸರಸ್ವತಿ, ಉಳಿಸ್ಕೊಡಮ್ಮ.” ಜೆ.ಪಿ. ನಗರದಲ್ಲಿ ಮಗಳ ಜೊತೆ ಇರುವ ಅವರು ಪ್ರತಿ ಗೌರಿಹಬ್ಬಕ್ಕೆ ಬಂದು ಅದನ್ನು ನೋಡಿಕೊಂಡು ಹೋಗುತ್ತಾರೆ.

ಮೊದಲ ಹೂವು ಅರಳಿದ ದಿನವೇ ಹೋಯಿತು. ಬೋರ್ಡು ಹಾಕಿಸಿದೆ, ಬೋರ್ಡಿಗೇ ಕವರು ನೇತುಹಾಕಿ ಕಿತ್ತರು. ತಂತಿಬಲೆ ಕಟ್ಟಿಸಿದೆ; ಕೊಕ್ಕೆ ತೂರಿಸಿದರು. ಗೇಟಿಗೆ ಬೀಗ ಹಾಕೋಣವೆಂದರೆ ಬೆಳಿಗ್ಗೆ ತೋಟ ಜನರಿಗೆ ತೆರೆದಿರಬೇಕೆಂದು ಟ್ರಸ್ಟಿನ ನಿಯಮ. ಹೂ ಬಿಡುತ್ತಿರುವ ಗಿಡವನ್ನು ಕಿತ್ತು ಕುಂಡಕ್ಕೆ ಹಾಕುವ ಧೈರ್ಯ ನನಗಿರಲಿಲ್ಲ. ಒಂದು ದಿನ ಹಿಂದಿನ ಬೀದಿಯ ರಾಮಪ್ರಸಾದರು ಕೋಲು ಎತ್ತುತ್ತಿದ್ದಾಗಲೇ ಅಡ್ಡ ನಿಂತೆ.

“ಸಾರ್, ದಯವಿಟ್ಟು ಇದೊಂದನ್ನ ಬಿಟ್ಬಿಡಿ.”

“ದೇವರಿಗೆ ಕಣ್ರೀ ಮೇಡಂ. ನಾನೇನು ಮುಡ್ಕೋತೀನಾ?” ಎಂದು ಅವರು ತಮ್ಮ ಬೋಳುತಲೆ ಸವರಿಕೊಂಡರು. ನನಗೆ ನಗುವೂ ಬಂತು, ಅಳುವೂ ಬಂತು.

ಆಗ ವಾಚ್‌ಮನ್ ಬೋರಣ್ಣ ರಸ್ತೆಯಾಚೆಯ ಗೋಡೆ ತೋರಿಸಿದ. ಯಾರೂ ಉಚ್ಚೆ ಹೊಯ್ಯದಿರಲೆಂದು ಅಲ್ಲಿ ಸಾಲಾಗಿ ದೇವರ ಟೈಲ್ಸ್ ಅಂಟಿಸಿದ್ದರು. “ಅದ್ಕಿಂತ ಕಾವಲು ಬೇಕಾ ಮೇಡಂ?” ಎಂದ. ನಾನು ಹಿಂದೆಮುಂದೆ ಯೋಚಿಸಲಿಲ್ಲ. ತಂತಿಬಲೆ ತೆಗೆಸಿ, ಒಂದು ಗುಂಡುಕಲ್ಲನ್ನು ಗಿಡದ ಬುಡದಲ್ಲಿಟ್ಟು, ಅರಿಶಿನ ಬಳಿದು, ಕುಂಕುಮ ಹಚ್ಚಿದೆ. ವಿಜ್ಞಾನ ಓದಿದವಳು ಮಾಡುವ ಕೆಲಸವೇ ಇದು ಎಂದು ಒಳಗೇ ಬೈದುಕೊಂಡೆ.

ಮರುದಿನದಿಂದ ಒಂದು ಕೋಲೂ ಏಳಲಿಲ್ಲ. ದೇವರ ಗಿಡದಿಂದ ಯಾರು ಹೂ ಕೀಳುತ್ತಾರೆ? ಹೂವು ತಾವಾಗಿ ಉದುರಿ ಹಸಿರು ಕಾಯಿ ಕಚ್ಚಿದವು. ಅವತ್ತು ನಾನು ಮನೆಗೆ ಹೋಗಿ ನನ್ನೊಬ್ಬಳಿಗೆ ಎಂದು ಪಾಯಸ ಮಾಡಿಕೊಂಡೆ.

ಆಮೇಲೆ ಯಾರೋ ಒಂದು ಊದುಕಡ್ಡಿ ಸಿಕ್ಕಿಸಿದರು. ಅದರ ಹಿಂದೆ ಎಣ್ಣೆದೀಪ ಬಂತು. ಹಾಲು, ಮೊಸರು, ಅರಿಶಿನದ ನೀರು ಬಂದವು. ಕಲ್ಲು ತಾನಾಗಿ ಎದ್ದಿದೆಯಂತೆ, ಗೌರಮ್ಮನಂತೆ ಎಂದು ಕೋಣನಕುಂಟೆಯಿಂದಲೂ ಹೆಂಗಸರು ಬಂದರು. ಕರ್ಣಕುಂಡಲದ ದಂಟಿನಲ್ಲಿ ಇರುವುದೇ ನೀರು. ಬುಡ ಕೊಳೆಯತೊಡಗಿತು.

“ಅದು ನಾನಿಟ್ಟ ಕಲ್ಲು ಕಣ್ರೀ! ಇದೇ ಕೈಲಿ ಇಟ್ಟಿದ್ದು!” ಎಂದು ಎಲ್ಲರ ಮುಂದೆ ಕೂಗಿದೆ.

ಹಾಲಿನ ಚೊಂಬು ಹಿಡಿದಿದ್ದ ರಮ್ಯ ಎಂಬ ಹುಡುಗಿಗೆ ಕಣ್ಣು ತುಂಬಿ ಬಂತು. “ಅಮ್ಮನೇ ನಿಮ್ಮ ಕೈಲಿ ಇಡಿಸ್ಕೊಂಡಿದ್ದಾಳೆ ಆಂಟಿ” ಎಂದು ನನ್ನ ಕಾಲಿಗೇ ನಮಸ್ಕಾರ ಮಾಡಿದಳು.

ಟ್ರಸ್ಟಿನ ಕಾರ್ಯದರ್ಶಿ ಶಶಿಧರ್‌ಗೆ ಫೋನ್ ಮಾಡಿದೆ. “ಮೇಡಂ, ಏನಾದ್ರೂ ಮಾಡಿ, ಕಲ್ಲು ಮಾತ್ರ ಮುಟ್ಬೇಡಿ. ಸುಮ್ನೆ ಗಲಾಟೆ ಆಗುತ್ತೆ” ಎಂದರು. ನಾನು ಹಾಲು ಕುಡಿದ ಮಣ್ಣು ತೋಡಿ ಒಣಮಣ್ಣು ತುಂಬುವುದು, ಅವರು ಬಂದು ಮತ್ತೆ ಹೊಯ್ಯುವುದು, ಹೀಗೇ ನಡೆಯಿತು.

ಗೌರಿಹಬ್ಬದ ಬೆಳಿಗ್ಗೆ ಹೋದಾಗ ಗಿಡ ನೆಲಕ್ಕೆ ಮಲಗಿತ್ತು. ಇದ್ದ ಕಾಯಿಗಳನ್ನು ಬಿಡಿಸಿದೆ. ಬೀಜಗಳು ಇನ್ನೂ ಬೆಳ್ಳಗೆ, ಎಳೆಯವಾಗಿದ್ದವು. ಅವು ಮೊಳೆಯುವುದಿಲ್ಲ. ತುದಿಯಲ್ಲಿ ಉಳಿದಿದ್ದ ಕೊನೆಯ ಹೂವನ್ನು, ಗಿಡ ಹೇಗೂ ಬಿದ್ದಿದೆಯೆಂದು, ಯಾರೋ ಕಲ್ಲಿನ ತಲೆಗೆ ಏರಿಸಿದ್ದರು.

ಅಷ್ಟರಲ್ಲಿ, ಈಗೀಗ ಕಣ್ಣು ಮಂಜಾಗಿರುವ ಲಲಿತಮ್ಮ ಮಗಳ ಕೈ ಹಿಡಿದು ಬಂದರು. “ನಮ್ಮನೆಗೇ ಗೌರಿ ಬಂದು ಕೂತಿದ್ದಾಳಾ!” ಎಂದು ಮುಖವರಳಿಸಿ ಕೈಮುಗಿದರು. ರಮ್ಯ ಕಲ್ಲಿನ ಮೇಲಿನ ಹೂವು ತೆಗೆದು ಪ್ರಸಾದವೆಂದು ಅವರ ಅಂಗೈಗಿಟ್ಟಳು. ಲಲಿತಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ನಮ್ಮತ್ತೆ ಹೂವು! ಉಳಿಸ್ಕೊಟ್ಯಲ್ಲಮ್ಮ ಸರಸ್ವತಿ.”

ಬೀಜವಿದ್ದ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡು, “ಮುಂದಿನ ಸಲ ನಂಗೂ ನಾಲ್ಕು ಬೀಜ ಕೊಡು. ಬಾಲ್ಕನೀಲಿ ಹಾಕ್ಕೋತೀನಿ” ಎಂದರು.

“ಆಗಲಿ ಅಮ್ಮ” ಎಂದೆ.