ಹಳೇ ಫ್ಯಾನು

ಬಾಗಿಲು ತೆರೆದು ಒಳಗೆ ಕಾಲಿಟ್ಟವನಿಗೆ ಮನೆಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು. ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲಿರುವಾಗಲೇ ನಿಂತು ಆಲಿಸಿದ. ಮೂಲೆಯ ಮೇಜಿನ ಕಡೆಯಿಂದ ಬರಬೇಕಾದ ಮೊರೆತ ಬರುತ್ತಿರಲಿಲ್ಲ.

"ಕಂಪ್ಯೂಟರ್ ಕೆಟ್ಟೋಯ್ತಾ?"

ಹೆಂಡತಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. "ಇಲ್ಲ. ಆನ್ ಇದೆ."

ಅವನು ಬಗ್ಗಿ ಡಬ್ಬದ ಹಿಂಬದಿಗೆ ಅಂಗೈ ಒಡ್ಡಿದ. ಮೆಲ್ಲಗೆ ಉಗುರುಬೆಚ್ಚನೆಯ ಗಾಳಿ ತಾಗಿತು.

ಗೋದಾಮಿನಲ್ಲಿ ಗುಮಾಸ್ತನಾದರೂ ಅವನನ್ನು ಕಟ್ಟಡದವರೆಲ್ಲ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಬಿಡಿಭಾಗ ತಂದು ಆ ಕಂಪ್ಯೂಟರನ್ನು ತನ್ನ ಕೈಯಾರೆ ಜೋಡಿಸಿದ್ದಕ್ಕೆ ಬಂದ ಹೆಸರು ಅದು. ಹೆಂಡತಿ ಒಂದು ಕಂಪನಿಗೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುವ ಕೆಲಸ ಹಿಡಿದ ಮೇಲೆ ಅದರ ಸದ್ದು ಜಗಳಕ್ಕೆ ಕಾರಣವಾಯಿತು. ನಿಮ್ಮ ಹಿಂದೆ ಯಾರಾದರೂ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆಯೇ ಎಂದು ಕಂಪನಿಯವರು ಕೇಳಿದ್ದರು. ಇನ್ನೊಮ್ಮೆ ಹೀಗಾದರೆ ಪುಸ್ತಕ ಬೇರೆಯವರ ಪಾಲಾಗುತ್ತದೆ ಎಂದೂ ಹೇಳಿದ್ದರು. ಏನಾದರೂ ಮಾಡಿ ಎಂದು ಅವಳು ಕೇಳಿದಾಗಲೆಲ್ಲ ಅವನದು ಒಂದೇ ಮಾತು: ಯಂತ್ರ ಅಂದಮೇಲೆ ಸದ್ದು ಇದ್ದೇ ಇರುತ್ತದೆ, ಬೇಕಿದ್ದರೆ ಅವಳೇ ಇನ್ನಷ್ಟು ಜೋರಾಗಿ ಓದಲಿ.

"ಯಾರನ್ನ ಕರೆಸಿದ್ದೆ?"

"ಯಾರನ್ನೂ ಇಲ್ಲ. ನಾನೇ ಬಿಚ್ಚಿದೆ."

ಅಡುಗೆಮನೆಯ ಡಬ್ಬಿ ತೊಳೆದಿಟ್ಟ ಸುದ್ದಿಯಂತೆ ಅವಳು ಎಲ್ಲ ಹೇಳಿದಳು. ವೀಡಿಯೊ ನೋಡಿ ಕಲಿತಳಂತೆ. ಒಳಗೆ ಧೂಳು ಹತ್ತಿಯ ಹಾಗೆ ಕಟ್ಟಿಕೊಂಡಿತ್ತಂತೆ. ಅಚ್ಚು ಸವೆದ ಸಣ್ಣ ಫ್ಯಾನು ತೆಗೆದು, ನಿಧಾನವಾಗಿ ತಿರುಗುವ ದೊಡ್ಡದೊಂದನ್ನು ಹಾಕಿದಳಂತೆ. ತಗಡು ನಡುಗದಿರಲೆಂದು ನಡುವೆ ರಬ್ಬರ್ ಕೂರಿಸಿದಳಂತೆ.

ರಿಪೇರಿಯವನು ಬಂದಿದ್ದರೆ ಅವನ ಕೆಲಸದಲ್ಲಿ ಹುಳುಕು ಹುಡುಕಬಹುದಿತ್ತು. ಪಕ್ಕದ ಮುಚ್ಚಳ ತೆಗೆದು ನೋಡಿದ. ಒಂದು ಸ್ಕ್ರೂ ಸಹ ಸಡಿಲವಿರಲಿಲ್ಲ. ತಾನು ಇಳಿಬಿಟ್ಟಿದ್ದ ತಂತಿಗಳನ್ನೆಲ್ಲ ಅವಳು ಒಟ್ಟುಮಾಡಿ ಕಟ್ಟಿದ್ದಳು. ಅದನ್ನು ಕಂಡು ಅವನ ಮೈ ಉರಿಯಿತು.

"ಬಿಸಿಯಾಗಿ ಸುಟ್ಟುಹೋದ್ರೆ?"

"ನೋಡಿದೀನಿ. ಮುಂಚೆಗಿಂತ ತಣ್ಣಗಿದೆ."

"ನನ್ನ ಕೇಳಬೇಕಿತ್ತು ನೀನು."

"ಕೇಳಿದ್ನಲ್ಲ. ಎರಡು ವರ್ಷದಿಂದ ಕೇಳ್ತಾನೇ ಇದ್ದೆ."

ಹಳೇ ಫ್ಯಾನು ಎಲ್ಲಿ ಎಂದು ಅವನು ಕೇಳಿದ. ಅವಳು ಗಲ್ಲದಲ್ಲೇ ಕಿಟಕಿಯ ಕಡೆ ತೋರಿಸಿದಳು. ಅದನ್ನೂ ಸ್ಕ್ರೂಡ್ರೈವರನ್ನೂ ತಂದು ಅವನು ನೆಲದ ಮೇಲೆ ಕೂತ. ಏನು ಮಾಡಹೊರಟಿದ್ದಾನೆಂದು ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ರೀ, ನಾಳೆ ಅಧ್ಯಾಯ ಕಳಿಸ್ಬೇಕು."

ಅವನು ಪ್ಲಗ್ಗಿಗೆ ಕೈ ಚಾಚಿದ.

"ತಡೀರಿ. ಸೇವ್ ಮಾಡ್ಕೋತೀನಿ."

ಅವಳು ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಎದ್ದು ಕುರ್ಚಿಯನ್ನು ಹಿಂದಕ್ಕೆ ಎಳೆದು ಅವನಿಗೆ ಜಾಗ ಬಿಟ್ಟಳು. ದೊಡ್ಡ ಫ್ಯಾನಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆಯುವಾಗ ಅವನಿಗೆ ತಾನು ಮಾಡುತ್ತಿರುವುದು ಚೆನ್ನಾಗಿ ಗೊತ್ತಿತ್ತು. ಅವಳು ಕೈ ಹಿಡಿಯಲಿ, ಕಿರುಚಲಿ ಎಂದು ಕಾದ. ಆಗ ತಾನೂ ಕಿರುಚಬಹುದು, ಆಮೇಲೆ ಹೇಗೋ ಮುಗಿಯುತ್ತದೆ. ಅವಳು ಗೋಡೆಗೊರಗಿ, ಪರರ ಮನೆಯ ಕೆಲಸ ನೋಡುವವಳಂತೆ ನೋಡುತ್ತಿದ್ದಳು. ರಬ್ಬರಿನ ಬಿಲ್ಲೆಗಳು ಒಂದೊಂದೇ ನೆಲಕ್ಕೆ ಬಿದ್ದವು.

ಹಳೇ ಫ್ಯಾನು ಕೂರಿಸಿ ಸ್ವಿಚ್ ಒತ್ತಿದ. ಮೊದಲು ಕೆರೆದು, ಆಮೇಲೆ ಏರಿ, ಸದ್ದು ಕೋಣೆ ತುಂಬಿತು. ಮೇಜಿನ ಮೇಲಿನ ಲೋಟವೂ ಗಡಗಡ ಅಲುಗತೊಡಗಿತು.

"ಈಗ ಸರಿ," ಎಂದ ಅವನು, ಅವಳಿಗೆ ಕೇಳಿಸುವಷ್ಟು ಜೋರಾಗಿ.

"ಮುಗೀತಾ?" ಎಂದಳು ಅವಳು.

ಆಮೇಲೆ ಪುಸ್ತಕ, ಫೋನು, ಮೈಕು ಎಲ್ಲ ಎದೆಗವಚಿಕೊಂಡು ಮಲಗುವ ಕೋಣೆಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಬಾಗಿಲ ಸಂದಿಯಲ್ಲಿ ಅಗುಳಿ ಸರಿದದ್ದು ಅವನ ಕಣ್ಣಿಗೆ ಕಂಡಿತು, ಕಿವಿಗೆ ಕೇಳಿಸಲಿಲ್ಲ.

ಅವನು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೇ ಕೂತಿದ್ದ. ಬಾಗಿಲಾಚೆ ಅವಳು ಓದುತ್ತಿದ್ದಾಳೋ, ಫೋನಿನಲ್ಲಿ ಯಾರೊಂದಿಗಾದರೂ ಮಾತಾಡುತ್ತಿದ್ದಾಳೋ, ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದಾಳೋ ಈ ಸದ್ದಿನಲ್ಲಿ ಏನೂ ತಿಳಿಯುವಂತಿರಲಿಲ್ಲ. ಕುತ್ತಿಗೆ ಚಾಚಿದ. ಬೆರಳನ್ನು ಸ್ವಿಚ್ಚಿನ ಮೇಲಿಟ್ಟ. ಒತ್ತಲಿಲ್ಲ, ತೆಗೆಯಲೂ ಇಲ್ಲ. ಬೆರಳ ತುದಿಯಲ್ಲಿ ತಗಡು ಸಣ್ಣಗೆ ನಡುಗುತ್ತಿತ್ತು.