ಗಾಳಿ ಕಣೇ, ಕಿಟಕಿ ಹಾಕು

ಆಕೆಯ ಕೆಲಸ ಏನೆಂದು ಕೇಳಿದರೆ ನಗು ಬರಬೇಕು: ಸಂಬಳ ತೆಗೆದುಕೊಂಡು ಕಂಡವರ ಬೈಗುಳ ಓದುವುದು! ಶಾಲೆಯ ಮಕ್ಕಳು ಮೊಬೈಲ್ ಗುಂಪುಗಳಲ್ಲಿ ಬರೆದದ್ದೆಲ್ಲ ಹೆಸರು ಅಳಿಸಿಕೊಂಡು, ಬರೀ ನಂಬರ್ ಹೊತ್ತು ಆಕೆಯ ಪರದೆಗೆ ಬರುತ್ತಿತ್ತು. ಕೆಟ್ಟ ಮಾತಿದ್ದರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು. ಎಂಥ ಹೊಲಸು ಬಂದರೂ ಚಹಾ ಹೀರುತ್ತಲೇ ಒತ್ತುತ್ತಿದ್ದಳು, ಗಟ್ಟಿಗಿತ್ತಿ.

ಅಂಥವಳನ್ನು ಒಂದೂ ಬೈಗುಳವಿಲ್ಲದ ಗುಂಪೊಂದು ಕಾಡತೊಡಗಿತು. ಹುಡುಗಿಯೊಬ್ಬಳು, 'ಪರೀಕ್ಷೆಗೆ ಯಾವ ಪಾಠ?' ಎಂದು ಕೇಳಿದ್ದಳು. ಕೆಳಗೆ ಗೆಳತಿಯರು:

'ಯಾರೋ ಮಾತಾಡಿದ ಹಾಗಾಯ್ತಲ್ವಾ?'

'ಗಾಳಿ ಕಣೇ, ಕಿಟಕಿ ಹಾಕು.'

ದೆವ್ವದಾಟ ಆಡ್ತಿವೆ ಮುಂಡೇವು ಎಂದು ನಕ್ಕು ಹಸಿರು ಒತ್ತಿದಳು. ಮರುದಿನ ಅದೇ ಹುಡುಗಿ, 'ನಾನು ಕಣ್ರೇ.' 'ಗಾಳಿ.' ಆಮೇಲೆ, 'ನಾನು ಇಲ್ಲೇ ಇದೀನಿ.' 'ಗಾಳಿ.' ಮತ್ತೆ ಹಸಿರು. ಇವತ್ತು ಹುಡುಗಿ ಬರೀ ಒಂದು ಚುಕ್ಕಿ ಇಟ್ಟಿದ್ದಳು. ಅದಕ್ಕೂ ಯಾರೋ, 'ಅಬ್ಬಾ, ಏನು ಚಳಿ!' ಎಂದಿದ್ದರು. ಆಕೆ ಚಹಾ ಲೋಟ ಕೆಳಗಿಟ್ಟಳು. ಈ ಮಗು ಕರಗಿ ಹೋಗುತ್ತಿದೆಯಲ್ಲ! ಆದರೆ ಕೆಂಪು ಒತ್ತುವುದು ಯಾವ ಮಾತಿಗೆ? ಒಂದೊಂದನ್ನೇ ನೋಡಿದರೆ ಬೆಣ್ಣೆಯಷ್ಟು ಮೆತ್ತಗಿದ್ದವು. ಆ ಗಾಳಿ-ಕಿಟಕಿಯ ಮಾತನ್ನು ಎಲ್ಲೋ ಕೇಳಿದ್ದೇನೆ ಎಂಬ ಕಿರಿಕಿರಿ ಬೇರೆ.

ಊಟಕ್ಕೆ ಕೂತಾಗಲೂ ಆ ಚುಕ್ಕಿ ಕಣ್ಣಿಂದ ಹೋಗಲಿಲ್ಲ. ಎದುರಿಗೆ ಮಗಳು ಮೊಬೈಲ್ ನೋಡಿ ಕಿಸಕ್ಕೆಂದು ನಗುತ್ತಿದ್ದಳು. ಮೇಜಿನ ತುದಿಯಲ್ಲಿ ನಾದಿನಿ. ಗಂಡನ ಮನೆ ಬಿಟ್ಟು ಬಂದು ಇಲ್ಲೇ ಉಳಿದವಳು, ಮಾತು ತೀರಾ ಮೆಲ್ಲಗೆ.

'ಅತ್ತಿಗೆ, ಸ್ವಲ್ಪ ಉಪ್ಪು ಕೊಡ್ತೀರಾ?'

ಮಗಳು ತಲೆಯೆತ್ತದೆ, 'ಅಮ್ಮಾ, ಯಾರೋ ಮಾತಾಡಿದ ಹಾಗಾಯ್ತಲ್ವಾ?' ಎಂದಳು.

'ಗಾಳಿ ಕಣೇ, ಕಿಟಕಿ ಹಾಕು,' ಎಂದಿತು ಆಕೆಯ ಬಾಯಿ, ದಿನದ ರೂಢಿಯಂತೆ.

ಅಂದದ್ದೇ ತಡ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿಬಿಟ್ಟಳು. ಅಯ್ಯೋ ದೇವರೇ! ಈ ತಮಾಷೆ ಹುಟ್ಟಿದ್ದೇ ಈ ಮೇಜಿನಲ್ಲಿ, ತನ್ನ ಬಾಯಲ್ಲಿ. ಮಗಳ ಮೊಬೈಲ್ ಕಸಿದು ನೋಡಿದಳು. ಅದೇ ಗುಂಪು, ಅದೇ ಚುಕ್ಕಿ. ಇಲ್ಲಿ ಚುಕ್ಕಿಯ ಪಕ್ಕ ಹುಡುಗಿಯ ಹೆಸರೂ ಇತ್ತು.

'ಈಗಲೇ ಆ ಹುಡುಗಿಗೆ ಫೋನ್ ಮಾಡು! ಹೆಸರು ಹಿಡಿದು ಕರಿ!'

'ನೀನೂ ಹಾಗೇ ಅಂತೀಯಲ್ಲಮ್ಮಾ,' ಎಂದಳು ಮಗಳು, ನಿಜವಾಗಿಯೂ ಅರ್ಥವಾಗದೆ.

ಕಿಟಕಿ ಕಿರ್ರೆಂದಿತು. ನಾದಿನಿ ಎದ್ದು ಹೋಗಿ ಅದನ್ನು ಹಾಕುತ್ತಿದ್ದಳು.

'ಬಾರಮ್ಮಾ, ಕೂತ್ಕೋ. ತಗೋ ಉಪ್ಪು.' ಆಕೆ ಉಪ್ಪಿನ ಬಟ್ಟಲನ್ನು ಮುಂದೆ ಹಿಡಿದಳು.

ನಾದಿನಿ ಈ ಕಡೆ ತಿರುಗಿದಳು. ಆಮೇಲೆ, ಅತ್ತಿಗೆ ಯಾರನ್ನು ಕರೆಯುತ್ತಿದ್ದಾರೆಂದು ತನ್ನ ಬೆನ್ನ ಹಿಂದೆ ನೋಡಿದಳು.