ಚಳಿಗಾಲದ ಬಿರುಕು

ಕೊಪೆತ್‌ದಾಗ್ ಬೆಟ್ಟದ ನಮ್ಮೂರ ಬುಗ್ಗೆಯ ಪೊದೆಯಲ್ಲಿ ಪ್ರತಿ ವಸಂತದಲ್ಲೂ ಒಂದು ಗ್ಯುರ್ಜಾ ಹಾವು ನೀರಿಗಿಳಿಯುವ ಹಕ್ಕಿಗಳಿಗಾಗಿ ಕಾದು ಕೂತಿರುತ್ತಿತ್ತು. ತೋಳಿನಷ್ಟು ದಪ್ಪ, ತುದಿ ಮುರಿದ ಬಾಲ, ಕಚ್ಚಿದರೆ ಒಂಟೆಯೂ ಉಳಿಯುವುದು ಕಷ್ಟ. ಆ ವರ್ಷ ಅದು ಒಂದು ಕುರಿಯನ್ನು ಕಚ್ಚಿ ಕೊಂದಿತು. ಬಡಿಗೆ ಹಿಡಿದು ಬಂದ ಕುರುಬರಿಗೆ ಹಾವು ಹಿಡಿಯುವ ಅತಾಬೆರ್ದಿ ಅಡ್ಡ ನಿಂತ.

"ಕೊಲ್ಬೇಡ್ರೋ, ನಾನೇ ದೂರ ಬಿಟ್ಟು ಬರ್ತೀನಿ."

ಅವನ ಅತ್ತಿಗೆ ಒಗುಲ್‌ನಬಾತ್ ನಕ್ಕಳು. "ಅಲ್ಲಪ್ಪಾ, ಹೊಸ ಜಾಗದಲ್ಲಿ ಚಳಿಗೆ ಅದು ಎಲ್ಲಿ ಮಲಗ್ಬೇಕು? ನಿನ್ನ ಹಾಸಿಗೇಲಾ?"

"ಹಾವಿಗೇನತ್ತಿಗೆ, ಬಂಡೆ ಇದ್ದಲ್ಲೆಲ್ಲಾ ಮನೆ."

ಅವನು ಅದನ್ನು ಚೀಲಕ್ಕೆ ಹಾಕಿ ಎರಡು ಕಣಿವೆಯಾಚೆ ಬಿಟ್ಟು ಬಂದ. ಊರೆಲ್ಲ ಅವನನ್ನು ಹೊಗಳಿತು.

ಮೊದಲ ಹಿಮ ಬಿದ್ದ ಬೆಳಿಗ್ಗೆ, ಊರಿಗೆ ಬರುವ ದಾರಿಯಲ್ಲೇ ಗ್ಯುರ್ಜಾ ಸೆಟೆದು ಬಿದ್ದಿತ್ತು. ಮುರಿದ ಬಾಲ ನೋಡಿ ಅತಾಬೆರ್ದಿಗೆ ಗುರುತು ಸಿಕ್ಕಿತು. ಅದು ಪ್ರತಿ ಚಳಿಗಾಲವನ್ನೂ ಬುಗ್ಗೆಯ ಮೇಲಿನ ಬಂಡೆಯ ಬಿರುಕಿನಲ್ಲೇ ಮಲಗಿ ಕಳೆಯುತ್ತಿತ್ತು. ಬೇರೆ ಬಿರುಕು ಅದಕ್ಕೆ ಗೊತ್ತೇ ಇರಲಿಲ್ಲ.

"ಕುರುಬರಾಗಿದ್ರೆ ಒಂದೇ ಏಟು ಅತ್ತಿಗೆ. ನಾನು ಬೇಸಿಗೆಯೆಲ್ಲಾ ಅಲೆಸಿ ಕೊಂದೆ."



ಆಮೇಲೂ ಹಾವು ಕಂಡರೆ ಜನ ಅವನನ್ನೇ ಕರೆಯುತ್ತಿದ್ದರು. ಅವನು ಚೀಲವಿಲ್ಲದೆ ಹೋಗಿ, ಅದು ತಾನಾಗಿ ಸರಿದು ಹೋಗುವವರೆಗೂ ಜನರನ್ನು ತಡೆದು ನಿಲ್ಲುತ್ತಿದ್ದ.